ಬುಟ್ಟಿ ಸಾಹೇಬರ ಮೂಲೆ

ಬಾಯಿಂದ ಜಾರಿದ್ದು ಒಂದು ಜಂಬದ ಮಾತು, ಅಷ್ಟೇ. ಅಲ್ಲಿಂದ ಶುರುವಾಯಿತು.

“ನಾನು ಹೆಣೆದ ಬುಟ್ಟಿ ಒಂದೂ ನನ್ನ ಹತ್ರ ಉಳಿದಿಲ್ಲ ಕಣಮ್ಮಾ. ಜನ ಉಳಿಸಿದರೆ ತಾನೆ? ಕೆಳಗಿಡೋದೇ ತಡ, ಎತ್ಕೊಂಡು ಹೋಗ್ತಾರೆ.”

ಹೀಗೆಂದವರು ಬುಟ್ಟಿ ಸಾಹೇಬರು. ಕೇಳಿಸಿಕೊಂಡವಳು ಅವರ ನಾದಿನಿಯ ಮಗಳು. ಮನೆಗಳ ಒಳಗನ್ನು ಚೆಂದಗೊಳಿಸುವುದು ಅವಳ ಕೆಲಸ.

ನೌಕರಿಯಲ್ಲಿದ್ದಾಗ ಸಾಹೇಬರು ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರು. ಅಂಗಡಿ ಹೊಕ್ಕು ತಕ್ಕಡಿ ಎತ್ತಿ ಹಿಡಿದರೆಂದರೆ, ಮುಳ್ಳು ಕೂದಲೆಳೆಯಷ್ಟು ವಾಲಿದ್ದರೂ ಅಂಗಡಿಯವನ ಬೆವರು ಇಳಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಎತ್ತಿ ಹಿಡಿಯಲು ತಕ್ಕಡಿ ಇಲ್ಲವಾಯಿತು. ಕೈ ಸುಮ್ಮನಿರದೆ ಬೆತ್ತದ ಹೆಣಿಗೆ ಹಿಡಿದರು. ಊರಿನ ತಕ್ಕಡಿಗಳ ಡೊಂಕನ್ನೆಲ್ಲ ಕಂಡ ಆ ಕಣ್ಣಿಗೆ ತನ್ನ ಬುಟ್ಟಿಯ ಡೊಂಕು ಮಾತ್ರ ಕಾಣಲಿಲ್ಲ. ಅವರು ಹೆಣೆದದ್ದು ಹೊಟ್ಟೆನೋವು ಬಂದ ಕರುವಿನ ಹಾಗೆ ಒಂದು ಮಗ್ಗುಲಿಗೆ ವಾಲಿಕೊಂಡೇ ಹುಟ್ಟುತ್ತಿತ್ತು. ಕೊನೆಯಲ್ಲಿ ಅಂಚು ಕಟ್ಟುವಾಗ ಕಡ್ಡಿ ಬಾಗುತ್ತಿರಲಿಲ್ಲವಾಗಿ ಒಳಗೊಳಗೇ ಸಣ್ಣ ತಂತಿ ಸುತ್ತಿ ಮುಗಿಸುತ್ತಿದ್ದರು. ಹಾಗೆ ಮುಗಿಸಿದ್ದನ್ನು ತಾವೇ ಹಿಡಿದುಕೊಂಡು ಹೋಗಿ ನೆರೆಹೊರೆಗೆ ಕೊಟ್ಟು ಬರುತ್ತಿದ್ದರು. ಸಾಹೇಬರು ಕೈಯಲ್ಲಿ ಬುಟ್ಟಿ ಹಿಡಿದು ಮೆಟ್ಟಿಲಿಳಿಯುವುದು ಕಂಡರೆ ಆ ವಠಾರದ ಬಾಗಿಲುಗಳು ಗಾಳಿಯಿಲ್ಲದೆಯೂ ಮುಚ್ಚಿಕೊಳ್ಳುತ್ತಿದ್ದವು.

“ಒಂದೂ ಇಲ್ವಾ?” ಹುಡುಗಿ ಕೈಯಲ್ಲಿದ್ದ ಅಳತೆಯ ಟೇಪನ್ನು ಸರ್ರನೆ ಒಳಗೆಳೆದುಕೊಂಡಳು. “ದೊಡ್ಡಪ್ಪಾ, ಸಂಜೆ ಬಿಸಿಲು ಇಳಿಯೋ ಹೊತ್ತಿಗೆ ಪತ್ರಿಕೆಯವರು ಫೋಟೋ ತೆಗೆಯೋಕೆ ಬರ್ತಾರೆ. ಮನೆ ಪೂರ್ತಿ ನಿಮ್ಮ ಕಸುಬಿನ ಸುತ್ತ ಕಟ್ಟಿದ್ದೀನಿ ಅಂತ ಹೇಳಿದ್ದೀನಿ. ಆ ಗೋಡೆ ಮೇಲೆ ಏನು ತಗಲಿ ಹಾಕ್ಲಿ? ನಿಮ್ಮ ಕನ್ನಡಕಾನಾ?”

ಗೋಡೆಯೆಂದರೆ ಮನೆಯ ಮೂಲೆಯ ಗೋಡೆ. ದೊಡ್ಡ ಕಿಟಕಿ, ಒಳ್ಳೆಯ ಬೆಳಕು. ಇಡೀ ಮನೆಯಲ್ಲಿ ಮನುಷ್ಯರು ಕೂರಲು ಆಸೆಪಡುವಂಥ ಜಾಗ ಅದೊಂದೇ ಉಳಿದಿತ್ತು. ಉಳಿದದ್ದನ್ನೆಲ್ಲ ಹುಡುಗಿ ಆಗಲೇ ಪ್ರಕೃತಿಗೆ ಒಪ್ಪಿಸಿಬಿಟ್ಟಿದ್ದಳು. ಗೋಡೆಗಳಿಗೆ ಬಣ್ಣ ಕೆರೆಸಿ ಮಣ್ಣಿನ ಗಿಲಾವು ಮಾಡಿಸಿದ್ದಳು. ಒರಗಿದವರ ಬೆನ್ನಿಗೆ ಕೆಮ್ಮಣ್ಣು ಹತ್ತುತ್ತಿತ್ತು, ಹೀಗಾಗಿ ಲಿಫ್ಟಿನಲ್ಲಿ ನಿಂತವರ ಬೆನ್ನು ನೋಡಿಯೇ ಸಾಹೇಬರ ಮನೆಗೆ ಹೋಗಿಬಂದವರು ಯಾರೆಂದು ಹೇಳಬಹುದಿತ್ತು. ಕೂರಲು ಕಲ್ಲಿನ ಜಗಲಿ. ಕಾಲಡಿ ತೆಂಗಿನ ನಾರಿನ ಚಾಪೆ, ಬರಿಗಾಲಲ್ಲಿ ನಡೆದರೆ ಕೊಯ್ದ ಹೊಲದ ಕೂಳೆ ಚುಚ್ಚಿದ ಹಾಗೆ. ಕಿಟಕಿಗೆ ಬಿದಿರಿನ ಪರದೆ. ಪ್ಲಾಸ್ಟಿಕ್ಕಿನದು ಒಂದು ಬಾಟಲಿ ಮುಚ್ಚಳವೂ ಇರಕೂಡದೆಂದು ಬಕೆಟ್ಟನ್ನೂ ಕಳುಹಿಸಿ ಮರದ ತೊಟ್ಟಿ ತರಿಸಿದ್ದಳು. ಅದು ಸೋರುತ್ತಿತ್ತು. “ನೀರು ಕುಡಿದು ಮರ ಊದಿಕೊಂಡ ಮೇಲೆ ನಿಲ್ಲುತ್ತೆ” ಅಂದಿದ್ದಳು. ಮರ ಇನ್ನೂ ಕುಡಿಯುತ್ತಲೇ ಇತ್ತು.

ಹಳೆಯ ಸೋಫಾವನ್ನು ಕೂಲಿಯವರು ಹೊತ್ತು ಇಳಿಸಿದ ದಿನ ಸಾಹೇಬರ ಹೆಂಡತಿ, ಹಸು ಮಾರಿದವರು ಖಾಲಿ ಹಗ್ಗ ಹಿಡಿದು ನಿಂತ ಹಾಗೆ, ಅದರ ಹೊದಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಮಣ್ಣಿನ ಗೋಡೆ, ಕಲ್ಲಿನ ಜಗಲಿ ಬಿಟ್ಟು ಬರೋಕೆ ನಾನು ಅರ್ಧ ಆಯುಸ್ಸು ತಗೊಂಡೆ. ಈ ಹುಡುಗಿ ಒಂದು ಮಳೆಗಾಲದೊಳಗೆ ವಾಪಸ್ ಕರ್ಕೊಂಡು ಹೋದಳು” ಎಂದಿದ್ದರು. ತಂಗಿಯ ಮಗಳು, ಮೊದಲ ಕೆಲಸ. ಬೇಡ ಎನ್ನುವ ಹಾಗಿರಲಿಲ್ಲ. ಅವರು ಬಾಯಿಬಿಟ್ಟು ಕೇಳಿದ್ದು ಒಂದೇ: ಆ ಮೂಲೆಯಲ್ಲಿ ಫೋಮ್ ಹಾಸಿಗೆಯ ಒಂದು ದಿವಾನ್. ಮಧ್ಯಾಹ್ನ ಮೊಣಕಾಲು ಚಾಚಿ ಮಲಗಲು. ಸಾಹೇಬರಿಗೆ ಅದೇ ಮೂಲೆ ಹೆಣಿಗೆಗೆ ಬೇಕಾಗಿತ್ತು. ತಿಂಗಳುಗಟ್ಟಲೆ ಆ ಮೂಲೆ, ಗಡಿ ತಕರಾರಿನ ಹೊಲದ ಹಾಗೆ, ಉಳದೆ ಬಿತ್ತದೆ ಬಿದ್ದಿತ್ತು.

ಹುಡುಗಿ ಈಗ ನಿಂತಲ್ಲೇ ತೀರ್ಪು ಕೊಟ್ಟಳು. “ಸಂಜೆಯೊಳಗೆ ನೀವು ಹೆಣೆದ ಬುಟ್ಟಿಗಳನ್ನ ತಂದು ಗೋಡೆ ತುಂಬಿಸಿ, ದೊಡ್ಡಪ್ಪಾ. ಮೂಲೆ ನಿಮ್ಮದು. ಆಗಲಿಲ್ಲ ಅಂದ್ರೆ ದೊಡ್ಡಮ್ಮ ಕೇಳಿದ ಹಾಗೆ ದಿವಾನ್ ಹಾಕಿಸಿಬಿಡ್ತೀನಿ. ಆಮೇಲೆ ನನ್ನ ಮೇಲೆ ಮುನಿಸ್ಕೋಬಾರದು.”

ಸಾಹೇಬರು ಹೆಂಡತಿಯ ಕಡೆ ನೋಡಿದರು. ಆಕೆ ಹೆಬ್ಬೆರಳಿಗೆ ಸುತ್ತಿದ ಬಟ್ಟೆಯ ಪಟ್ಟಿಯನ್ನು ಬಿಗಿ ಮಾಡಿಕೊಳ್ಳುತ್ತಿದ್ದರು. ಆ ಬೆರಳು ಯಾವಾಗಲೂ ಗಾಯವೇ. ತರಕಾರಿ ಹೆಚ್ಚುವಾಗ ಗಮನ ಎಲ್ಲಿರುತ್ತದೋ ಎಂದು ಸಾಹೇಬರು ಎಷ್ಟೋ ಸಲ ಬೈದದ್ದುಂಟು.

“ಹೋಗಿ, ತನ್ನಿ. ಯಾರ ಮನೇದೂ ಬಿಡ್ಬೇಡಿ” ಎಂದರು ಆಕೆ, ಎಂದೂ ಇಲ್ಲದ ಉತ್ಸಾಹದಿಂದ. ಬಾಗಿಲ ತನಕ ಬಂದು ಚಪ್ಪಲಿಯನ್ನೂ ಕಾಲಿನಿಂದ ಮುಂದೆ ಸರಿಸಿದರು. “ಆ ಮೂರನೇ ಮಹಡಿ ಅಜ್ಜಿ ಒಬ್ರನ್ನ ಬಿಟ್ಟುಬಿಡಿ. ಪಾಪ, ವಯಸ್ಸಾಗಿದೆ. ಅವರಿಗೆ ತೊಂದರೆ ಕೊಡ್ಬೇಡಿ.”

ಎಷ್ಟಾದರೂ ಕೈಹಿಡಿದವಳು, ದಿವಾನ್ ಆಸೆ ಬಿಟ್ಟು ಗಂಡನ ಪರ ನಿಂತಳಲ್ಲ ಎಂದು ಸಾಹೇಬರ ಕಣ್ಣು ತುಸು ಒದ್ದೆಯಾಯಿತು.

*

ಮೊದಲು ಹೋದದ್ದು ನೆಲಮಹಡಿಯಲ್ಲಿ ವಠಾರದ ಸಂಘದ ಕಾರ್ಯದರ್ಶಿಯ ಕೋಣೆಗೆ. ಕಾರ್ಯದರ್ಶಿ ಎಂದರೆ ಯಾರ ಮನೆಯ ಹಾಲು ಉಕ್ಕಿದರೂ ತಾನೇ ಒಲೆ ಆರಿಸಬೇಕೆನ್ನುವ ಮನುಷ್ಯ.

“ನಾನು ಕೊಟ್ಟ ಬುಟ್ಟಿ ಇತ್ತಲ್ಲ...” ಎಂದು ಸಾಹೇಬರು ಅನ್ನುತ್ತಿದ್ದ ಹಾಗೆಯೇ ಆತ ಮೇಜಿನಡಿ ಕಾಲು ಚಾಚಿ ಏನನ್ನೋ ಹಿಂದಕ್ಕೆ ತಳ್ಳಿದ. ತಳ್ಳಿದ್ದು ಉರುಳಿತು. ಕಿತ್ತಳೆ ಸಿಪ್ಪೆ, ಹರಿದ ರಸೀದಿ, ಒಂದು ಸುಟ್ಟ ಬಲ್ಬು ನೆಲದ ಮೇಲೆ ಹರಡಿದವು.

“ದಿನಾ ಉಪಯೋಗಿಸ್ತೀವಿ ಸಾಹೇಬ್ರೇ!” ಕಾರ್ಯದರ್ಶಿ ಎದ್ದು ನಿಂತು ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟ. “ಶೋಕೇಸಲ್ಲಿ ಇಟ್ಟು ಮರೆಯೋ ಜನ ನಾವಲ್ಲ.”

ಸಾಹೇಬರು ಬುಟ್ಟಿಯ ಅಂಚಿಗೆ ಅಂಟಿದ್ದ ಸಿಪ್ಪೆಯನ್ನು ಕಿತ್ತು ಹಾಕಿದರು. ಮೈ ವಾಲಿತ್ತು, ಆದರೆ ಅಂಚು ಬಿಗಿಯಾಗಿತ್ತು. ಬೆರಳಾಡಿಸಿ ನೋಡಿದರು. ತಾವು ಸುತ್ತಿದ ತಂತಿ ಕಾಣಲಿಲ್ಲ. ತಂತಿ ಉದುರಿಹೋದರೂ ಹೆಣಿಗೆ ತಾನೇ ಹಿಡಿದುಕೊಂಡು ನಿಂತಿದೆ ಎಂದರೆ ಅದು ಕೈಗುಣವಲ್ಲದೆ ಮತ್ತೇನು? ಅವಮಾನ ಅರ್ಧ ಇಳಿಯಿತು.

“ಎಲ್ಲಾ ಬುಟ್ಟೀನೂ ಸಂಜೆಯೊಳಗೆ ಬೇಕು ಕಣಪ್ಪಾ.”

“ನೀವ್ಯಾಕೆ ಮನೆಮನೆ ಮೆಟ್ಟಿಲು ಹತ್ತಬೇಕು? ನಾನಿಲ್ವಾ?” ಎಂದವನೇ ಕಾರ್ಯದರ್ಶಿ ಫೋನ್ ತೆಗೆದು ವಠಾರದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ: ‘ಬುಟ್ಟಿ ಸಾಹೇಬರು ಕೊಟ್ಟ ಬುಟ್ಟಿ ಯಾರ ಮನೆಯಲ್ಲಿದ್ದರೂ ಕೂಡಲೇ ಗೇಟಿನ ಹತ್ತಿರ ತಂದಿಡತಕ್ಕದ್ದು. ತುರ್ತು.’

ಒಳ್ಳೆಯ ಕೆಲಸಕ್ಕೆ ಹಾಕಿದ ಮಾತೇ. ಆದರೆ ‘ತುರ್ತು’ ಎಂಬುದು ಬೇಲಿ ಹಾರಿದ ಹೋರಿ. ಯಾರ ಹೊಲಕ್ಕೆ ನುಗ್ಗುತ್ತದೋ ಬಿಟ್ಟವನಿಗೂ ಗೊತ್ತಿರುವುದಿಲ್ಲ.

ಎರಡನೇ ಮಹಡಿಯ ಹಲ್ಲಿನ ಡಾಕ್ಟರ ಮನೆಗೆ ಸಾಹೇಬರು ಹೋಗುವಷ್ಟರಲ್ಲಿ ಡಾಕ್ಟರ ಫೋನು ಕಣಜದ ಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು.

“ಸಾರ್, ಹುಳ ಅಂತೆ, ನಿಜಾನಾ?”

“ಯಾವ ಹುಳ?”

“ನಿಮ್ಮ ಬೆತ್ತಕ್ಕೆ ಬಿದ್ದಿದೆಯಂತಲ್ಲ. ಬುಟ್ಟಿಯಿಂದ ಬಾಗಿಲಿಗೆ, ಬಾಗಿಲಿಂದ ಮಂಚಕ್ಕೆ ಹತ್ತತ್ತಂತೆ. ಅದಕ್ಕೇ ತುರ್ತು ವಾಪಸ್ ತಗೋತಿದ್ದೀರಿ ಅಂತ ಗುಂಪಲ್ಲಿ ಹಾಕ್ತಿದ್ದಾರೆ.”

“ಹುಳಾನೂ ಇಲ್ಲ ಹುಪ್ಪಟೇನೂ ಇಲ್ಲ ಡಾಕ್ಟ್ರೇ. ಫೋಟೋಗೆ ಬೇಕು. ನಿಮಗೆ ಕೊಟ್ಟದ್ದೆಲ್ಲಿ?”

ಡಾಕ್ಟರು ಮುಜುಗರದಿಂದ ಮೂಲೆ ತೋರಿಸಿದರು. ಅಲ್ಲಿ ಬೆತ್ತದ ಒಂದು ಚಪ್ಪಟೆ ವಸ್ತುವಿನ ಮೇಲೆ ಬೂದು ಬಣ್ಣದ ಬೆಕ್ಕೊಂದು ಜಮೀನ್ದಾರನ ಗತ್ತಿನಲ್ಲಿ ಮಲಗಿತ್ತು.

“ಅದು ಬುಟ್ಟಿ. ಎತ್ತರ ಇತ್ತಲ್ಲ ಡಾಕ್ಟ್ರೇ?”

“ಬುಟ್ಟೀನಾ?” ಡಾಕ್ಟರು ನಿಜವಾಗಿ ಬೆರಗಾದರು. “ಕೊಟ್ಟ ವಾರಕ್ಕೆ ಹೀಗಾಯ್ತು ಸಾರ್. ಚಾಪೆ ಅಂತಲೇ ನಾವು ತಿಳ್ಕೊಂಡಿದ್ದು. ಇದಕ್ಕೆ ಅದು ಬಿಟ್ಟು ಬೇರೆಲ್ಲೂ ನಿದ್ದೆ ಬರಲ್ಲ.”

ಸಾಹೇಬರು ಬಗ್ಗಿ ಬುಟ್ಟಿಯ ತುದಿ ಹಿಡಿದು ಮೆಲ್ಲನೆ ಎಳೆದರು. ಬೆಕ್ಕು ಕಣ್ಣು ತೆರೆಯಲಿಲ್ಲ. ಮುಂಗಾಲನ್ನಷ್ಟೇ ಎತ್ತಿ, ರುಜು ಹಾಕುವ ಅಧಿಕಾರಿಯ ಹಾಗೆ, ಅವರ ಮುಂಗೈ ಮೇಲೆ ಮೂರು ಗೆರೆ ಎಳೆದು ಮತ್ತೆ ಮಲಗಿತು.

“ಕಚ್ಚಲ್ಲ ಸಾರ್, ಒಳ್ಳೇದು” ಎಂದರು ಡಾಕ್ಟರು, ಹತ್ತಿಗೆ ಔಷಧಿ ಹಾಕುತ್ತಾ.

*

ಕೈಗೆ ಪಟ್ಟಿ ಕಟ್ಟಿಕೊಂಡು ಮೆಟ್ಟಿಲಲ್ಲಿ ನಿಂತಾಗ ಸಾಹೇಬರ ಮನಸ್ಸು ಕುಗ್ಗಿತ್ತು. ಸಿಕ್ಕಿದ್ದು ಕಸದ ಬುಟ್ಟಿ ಒಂದು. ಹೆಂಡತಿ ಬೇಡವೆಂದ ಬಾಗಿಲು ಮಾತ್ರ ಅಲ್ಲೇ ಮೇಲೆ ಕಾಣುತ್ತಿತ್ತು. ಬೇಡವೆಂದದ್ದು ಅಜ್ಜಿಗೆ ತೊಂದರೆಯಾದೀತು ಎಂದು ತಾನೆ? ತಾನು ತೊಂದರೆ ಕೊಡದ ಹಾಗೆ ಕೇಳಿದರಾಯಿತು.

ಅಜ್ಜಿ ಬಾಗಿಲು ತೆರೆದು, “ಬಾಪ್ಪಾ, ನಿನ್ನ ಬೆನ್ನಿಗೆ ಮಣ್ಣಾಗಿದೆ” ಎಂದರು. ಕೇಳಿದ್ದಕ್ಕೆ ಒಳಗೆ ಹೋಗಿ ಮಂಚದ ಪಕ್ಕದಿಂದ ಬುಟ್ಟಿ ತಂದರು. ಔಷಧಿ ಸೀಸೆ, ಕನ್ನಡಕ, ಹೊಲಿಗೆಯ ದಾರ ಎಲ್ಲ ಒಂದೊಂದಾಗಿ ಹೊರಗಿಟ್ಟರು.

ಬುಟ್ಟಿ ಗುಂಡಗೆ, ನೆಟ್ಟಗೆ, ತುಂಬಿದ ಕೊಡದ ಹಾಗೆ ಕುಳಿತಿತ್ತು. ಅಂಚು ಜಡೆಯ ಹಾಗೆ ಮೂರೆಳೆಯಲ್ಲಿ ಹೆಣೆದಿತ್ತು. ಆರಂಭ ಎಲ್ಲಿ, ಕೊನೆ ಎಲ್ಲಿ ತಿಳಿಯುವ ಹಾಗಿರಲಿಲ್ಲ. ಇಂಥದ್ದನ್ನು ಹೆಣೆದ ನೆನಪು ಅವರಿಗಿರಲಿಲ್ಲ. ನೆನಪಿಲ್ಲದಿದ್ದರೇನು? ದೊಡ್ಡ ದೊಡ್ಡ ಕಲಾವಿದರಿಗೂ ಕೈ ತಾನಾಗಿ ಓಡುವ ಗಳಿಗೆ ಒಂದು ಬರುತ್ತದಂತೆ. ತಮಗೂ ಬಂದು ಹೋಗಿದೆ. ತಾವು ಗಮನಿಸಿಲ್ಲ, ಅಷ್ಟೇ.

“ಇದು ನಾನು ಕೊಟ್ಟದ್ದೇ ಅಲ್ವಾ ಅಜ್ಜಿ?”

“ನಿಮ್ಮನೆಯಿಂದ ಬಂದದ್ದೇ. ಹಿಡಿ ಇನ್ನೂ ಒಂಚೂರೂ ಅಲ್ಲಾಡಿಲ್ಲ ಅಂತ ನಿಮ್ಮ ಮನೆಯೋಳಿಗೆ ಹೇಳಪ್ಪಾ. ಆ ಕೈ ತಣ್ಣಗಿರಲಿ. ಸಂಜೆಗೆ ವಾಪಸ್ ಕೊಟ್ಟುಬಿಡು, ಮಾತ್ರೆ ಹುಡುಕೋಕೆ ನನಗೆ ಇದೇ ಬೇಕು.”

ಹೆಂಗಸರಿಗೆ ಹೆಂಗಸರ ಮೂಲಕವೇ ಮಾತು ಕಳಿಸಿ ರೂಢಿ ಎಂದುಕೊಂಡು ಸಾಹೇಬರು ತಲೆಯಾಡಿಸಿದರು. ಅಷ್ಟರಲ್ಲಿ ಅಜ್ಜಿಯ ಕಿಟಕಿಯಿಂದ ಒಂದು ಘಾಟು ಒಳಗೆ ಬಂತು. ಬಗ್ಗಿ ನೋಡಿದರು.

ಕೆಳಗೆ ಗೇಟಿನ ಪಕ್ಕ ಅವರ ಇಷ್ಟು ವರ್ಷದ ದುಡಿಮೆಯೆಲ್ಲ ಒಂದೇ ರಾಶಿಯಾಗಿ ಬಿದ್ದಿತ್ತು. ಹುಳದ ಸುದ್ದಿ ಕೇಳಿ ಜನ ಇಕ್ಕಳದಲ್ಲಿ ಹಿಡಿದು ತಂದು ಎಸೆದಿದ್ದರು. ಚಪ್ಪಲಿ ಇಟ್ಟದ್ದು, ಈರುಳ್ಳಿ ಸಿಪ್ಪೆ ಅಂಟಿದ್ದು, ತಳ ಕಳಚಿ ಬರೀ ಬಳೆಯಾಗಿ ಉಳಿದದ್ದು. ರಾಶಿಯ ಸುತ್ತ ಕಾರ್ಯದರ್ಶಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಜಿರಲೆ ಔಷಧಿಯ ಪಂಪು ಹಿಡಿದು, ಹತ್ತಿ ಬೆಳೆಗೆ ಔಷಧಿ ಹೊಡೆಯುವವನ ಹಾಗೆ ಸುತ್ತು ಬರುತ್ತಿದ್ದ.

“ಏಯ್, ನಿಲ್ಸಯ್ಯಾ! ಹುಳ ಇಲ್ಲ!” ಸಾಹೇಬರು ಕಿಟಕಿಯಿಂದಲೇ ಕೂಗಿದರು.

“ಇನ್ನು ಇರಲ್ಲ ಸಾಹೇಬ್ರೇ!” ಎಂದು ಆತ ಮೇಲೆ ನೋಡಿ ಕೈ ಬೀಸಿದ.

*

ಬಿಸಿಲು ಇಳಿಯುವ ಹೊತ್ತಿಗೆ ಮೂಲೆಯ ಮಣ್ಣಿನ ಗೋಡೆಯ ತುಂಬ ಬುಟ್ಟಿಗಳು ತೂಗಿದವು. ಮನೆಗೆ ಮಣ್ಣಿನ, ನಾರಿನ, ಬಿದಿರಿನ ವಾಸನೆ ಇರಬೇಕಾಗಿತ್ತು. ಈಗ ಜಿರಲೆ ಔಷಧಿಯದೊಂದೇ ವಾಸನೆ. ಫೋಟೋದವನು ಸೀನಿದ. ಹುಡುಗಿ ಸೀನಿದಳು. ಬಾಗಿಲಲ್ಲಿ ಕಾರ್ಯದರ್ಶಿ, ಬೆಕ್ಕನ್ನು ಕಂಕುಳಲ್ಲಿ ಹಿಡಿದ ಡಾಕ್ಟರು, ಬುಟ್ಟಿ ವಾಪಸ್ ಒಯ್ಯಲು ಬಂದ ಅಜ್ಜಿ, ಇನ್ನೂ ನಾಲ್ಕಾರು ಜನ ನೆರೆದಿದ್ದರು.

ಸಾಹೇಬರ ಹೆಂಡತಿ ಗೋಡೆಯನ್ನು ಎಡದಿಂದ ಬಲಕ್ಕೆ ನೋಡಿದರು. ವಾಲಿದ್ದು, ಸೊಟ್ಟಗಾದದ್ದು, ಹಲ್ಲು ಬಿಟ್ಟದ್ದು. ಅವರ ಮುಖದ ಮೇಲೆ ಒಂದು ನೆಮ್ಮದಿ ಹರಡುತ್ತಾ ಬಂತು. ನಟ್ಟನಡುವೆ ತೂಗುತ್ತಿದ್ದ ಅಜ್ಜಿಯ ಬುಟ್ಟಿಯ ಮೇಲೆ ಕಣ್ಣು ಬಿದ್ದದ್ದೇ ಆ ನೆಮ್ಮದಿ ಅಲ್ಲೇ ನಿಂತುಹೋಯಿತು.

“ಅಜ್ಜೀನ ಬಿಟ್ಬಿಡಿ ಅಂದಿದ್ದೆ” ಎಂದರು, ತಗ್ಗಿದ ದನಿಯಲ್ಲಿ.

“ತೊಂದರೆ ಕೊಡಲಿಲ್ಲ ಕಣೇ. ತಾವಾಗೇ ಕೊಟ್ಟರು.”

ಹುಡುಗಿ ಬೇರೆ ಬುಟ್ಟಿಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. “ಇವುಗಳ ನೆರಳು ಚೆನ್ನಾಗಿ ಬರುತ್ತೆ, ಇರಲಿ” ಎಂದು ಫೋಟೋದವನಿಗೆ ಹೇಳಿ ಅಜ್ಜಿಯ ಬುಟ್ಟಿಯ ಮುಂದೆ ನಿಂತುಬಿಟ್ಟಳು. “ದೊಡ್ಡಪ್ಪಾ! ನಿಮ್ಮ ಕೈಯಲ್ಲಿ ಇದಿತ್ತಾ? ಈ ಅಂಚು ನೋಡಿ! ಇದನ್ನ ಹೆಣೆಯೋ ಕೈಯದ್ದೇ ಫೋಟೋ ಬೇಕು. ಕೂತ್ಕೊಳ್ಳಿ, ಒಂದು ಅಂಚು ಕಟ್ಟಿ ತೋರಿಸಿ.”

ಸಾಹೇಬರು ಕೂತರು. ಅರ್ಧ ಹೆಣೆದ ಬುಟ್ಟಿಯೊಂದಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ತಂತಿಯ ಸುರುಳಿ ತೆಗೆದರು.

“ತಂತಿನಾ? ಬೇಡ ದೊಡ್ಡಪ್ಪಾ! ಈ ಮನೇಲಿ ಎಲ್ಲಾ ಸಹಜ. ಅದರಲ್ಲಿರೋ ಹಾಗೆ ಬರೀ ಬೆತ್ತದಲ್ಲಿ ಕಟ್ಟಿ.”

ಸಾಹೇಬರು ಮೊದಲ ಕಡ್ಡಿ ಬಗ್ಗಿಸಿದರು. ಟಪ್.

“ಇದು ಹಳೇದು” ಎಂದರು. ಎರಡನೆಯದನ್ನು ಬಗ್ಗಿಸಿದರು. ಟಪ್. ಫೋಟೋದವನು ಕ್ಯಾಮೆರಾ ಕೆಳಗಿಳಿಸಿ ಮತ್ತೆ ಎತ್ತಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಅವರು ಮೂಲೆಯನ್ನು ನೋಡುತ್ತಿದ್ದರು. ದಿವಾನ್ ಹಾಕಿದರೆ ತಲೆ ಕಿಟಕಿಯ ಕಡೆಗೆ ಬರುವ ಮೂಲೆ. ಇನ್ನು ನಾಲ್ಕು ಕಡ್ಡಿ ಮುರಿದರೆ ಸಾಕು.

ಟಪ್.

“ಹವಾ ಒಣಗಿದೆ ಇವತ್ತು” ಎಂದರು ಸಾಹೇಬರು. ಹಣೆಯ ಬೆವರು ಬುಟ್ಟಿಯೊಳಗೆ ಬಿತ್ತು. ಊರಿಗೆಲ್ಲ ತಕ್ಕಡಿ ಹಿಡಿದ ಮನುಷ್ಯ ಈಗ ತಾನೇ ತಟ್ಟೆಯಲ್ಲಿ ಕೂತ ಹಾಗಿತ್ತು, ಮುಳ್ಳು ನೋಡುವವರೆಲ್ಲ ಬಾಗಿಲಲ್ಲಿ ನಿಂತಿದ್ದರು. “ಔಷಧಿ ಹೊಡೆದರಲ್ಲ, ಅದಕ್ಕೆ ಪೆಡಸಾಗಿದೆ.”

“ಆ ಕಡ್ಡಿಗೆ ಹೊಡೆದಿಲ್ಲ ಸಾಹೇಬ್ರೇ” ಎಂದ ಕಾರ್ಯದರ್ಶಿ.

ಟಪ್. ಟಪ್.

“ಅಯ್ಯೋ, ಕೊಡ್ರೀ ಇಲ್ಲಿ!”

ಕೂಗಿದ್ದು ಹೆಂಡತಿ. ಒದ್ದೆ ಬಟ್ಟೆ ಹಿಡಿದು ಬಂದವರು ನಾರಿನ ಚಾಪೆಯ ಮೇಲೆ ಕೂತು, ಗಂಡನ ತೊಡೆಯಿಂದ ಬುಟ್ಟಿ ಕಿತ್ತುಕೊಂಡು, ಉಳಿದ ಕಡ್ಡಿಗಳಿಗೆ ಒದ್ದೆ ಬಟ್ಟೆ ಸುತ್ತಿ ಹಿಡಿದರು. ಸುಮ್ಮನೆ ಹಿಡಿದು ಕೂತರು, ಎಳೆಗರುವಿನ ಬಾಯಿಗೆ ಬೆರಳಿಟ್ಟು ಕಾಯುವವರ ಹಾಗೆ. ಆಮೇಲೆ ಬಟ್ಟೆ ಬಿಚ್ಚಿ ಒಂದು ಕಡ್ಡಿಯನ್ನು ಬಾಗಿಸಿದರು. ಅದು ಬಾಗಿತು. ಅದರ ಬೆನ್ನಿಗೆ ಎರಡನೆಯದು, ಅದರಡಿಯಿಂದ ಮೂರನೆಯದು. ಪಟ್ಟಿ ಸುತ್ತಿದ ಹೆಬ್ಬೆರಳು ಒತ್ತಿ ಹಿಡಿದಲ್ಲಿ ಬೆತ್ತ ಮಾತು ಕೇಳುತ್ತಿತ್ತು. ಜಡೆ ಬೆಳೆಯುತ್ತಾ ಹೋಗಿ, ತಿರುಗಿ ಬಂದು, ಹೊರಟಲ್ಲಿಗೇ ಸೇರಿ ಮಾಯವಾಯಿತು.

ಡಾಕ್ಟರ ಕಂಕುಳಿಂದ ಬೆಕ್ಕು ಕೂಡ ಕತ್ತು ಚಾಚಿತು. ಫೋಟೋದವನು ಕ್ಲಿಕ್ ಕ್ಲಿಕ್ ಎನ್ನಿಸುತ್ತಲೇ ಇದ್ದ.

“ಎಲ್ಲಿ ಕಲಿತೆ?” ಎಂದರು ಸಾಹೇಬರು.

“ನಿಮ್ಮದನ್ನ ಬಿಚ್ಚಿ ಬಿಚ್ಚಿ” ಎಂದರು ಆಕೆ, ತಲೆ ಎತ್ತದೆ. “ನೀವು ಕೊಟ್ಟು ಬರ್ತಿದ್ರಿ. ಎಂಟು ದಿನಕ್ಕೆ ತಂತಿ ಎದ್ದು ಯಾರದಾದರೂ ಕೈ ಕುಯ್ತಿತ್ತು. ನೀವು ಪಾರ್ಕಿಗೆ ಹೋದ ಹೊತ್ತು ನೋಡ್ಕೊಂಡು ತಂದು ನನ್ನ ಮುಂದೆ ಇಡೋರು. ಬೇರೆ ಅಂಚು ಕಟ್ಟಿ ಕಳಿಸ್ತಿದ್ದೆ. ಅಜ್ಜೀದಂತೂ ಪೂರಾ ಕಳಚಿತ್ತು. ಹೊಸದೇ ಹೆಣೆದುಕೊಟ್ಟೆ.”

“ಯಾವಾಗಿಂದ?”

“ಎರಡನೇ ಬುಟ್ಟಿಯಿಂದ.”

“ನಮ್ಮದು ಮಾತ್ರ ತಂದಿರಲಿಲ್ಲಮ್ಮಾ” ಎಂದರು ಡಾಕ್ಟರು, ನ್ಯಾಯವಾಗಿ. “ಬೆಕ್ಕಿಗೆ ಹಾಗೇ ಒಗ್ಗಿತ್ತು.”

“ನಮಗೆಲ್ಲ ಗೊತ್ತಿತ್ತು ಸಾಹೇಬ್ರೇ. ನಿಮಗೆ ಹೇಳ್ಬೇಡಿ ಅಂತ ಅಮ್ಮಾವ್ರು ಮಾತು ತಗೊಂಡಿದ್ರು” ಎಂದು ಕಾರ್ಯದರ್ಶಿ ಸಮಾಧಾನ ಹೇಳಿದ. “ನಾವ್ಯಾರೂ ಒಂದು ದಿನ ಬಾಯಿ ಬಿಟ್ಟಿಲ್ಲ, ನೋಡಿ.”

ಬಾಯಿ ಬಿಡದ ಇಡೀ ವಠಾರವನ್ನು ಸಾಹೇಬರು ಒಬ್ಬೊಬ್ಬರನ್ನಾಗಿ ನೋಡಿದರು. ಇಷ್ಟು ಜನ ಇಷ್ಟು ವರ್ಷ, ಒಬ್ಬ ಮನುಷ್ಯನ ಬೆನ್ನಿಗೆ ಮಣ್ಣಾಗಿದೆ ಎಂದು ಹೇಳದೆ ಮೆಟ್ಟಿಲಲ್ಲಿ ಹಾದುಹೋಗಿದ್ದರು.

ಹುಡುಗಿಗೆ ಮಾತ್ರ ಸಂತೋಷ ಹಿಡಿಸಲಾರದಷ್ಟಾಗಿತ್ತು. “ದೊಡ್ಡಮ್ಮಾ! ನೀವು ಮುಚ್ಚಿಟ್ಟುಬಿಟ್ರಲ್ಲ! ಈ ಮೂಲೆ ಇನ್ನು ನಿಮ್ಮದೇ. ನಾಳೇನೇ ಇಲ್ಲಿ ನಿಮ್ಮ ಅಳತೆಗೆ ಒಂದು ಮರದ ಮಣೆ ಮಾಡಿಸ್ತೀನಿ, ಕಿಟಕಿಗೆ ಮುಖ ಮಾಡಿ.”

ಆಕೆಯ ಕೈ ನಿಂತಿತು. “ಮಣೆ ಬೇಡಮ್ಮಾ. ಮೂಲೆ ನನ್ನದು ಅಂತೀಯಲ್ಲ, ಹಾಗಾದರೆ ದಿವಾನ್...”

“ದಿವಾನಾ? ಇಂಥ ಕೈ ಇಟ್ಕೊಂಡು ಮಲಗೋದಾ ದೊಡ್ಡಮ್ಮಾ?”

“ನನಗೆ ಬೆತ್ತ ಕಂಡರಾಗಲ್ಲ ಕಣೇ! ಬೆರಳು ನೋಡು.”

“ಅಯ್ಯೋ, ಕಲಾವಿದರೆಲ್ಲ ಹೀಗೇ ಅನ್ನೋದು” ಎಂದು ಹುಡುಗಿ ನಕ್ಕು, ಆ ಬೆರಳಿನದ್ದೇ ಒಂದು ಫೋಟೋ ತೆಗೆಸಿದಳು. ಬಾಗಿಲಲ್ಲಿದ್ದವರಲ್ಲಿ ಇಬ್ಬರು ಮೂವರು, ಹಾಗಾದರೆ ನಮಗೂ ಪೂರ್ತಿ ನಿಮ್ಮ ಕೈಯದ್ದೇ ಒಂದು ಇರಲಿ ಎಂದು ಅಲ್ಲೇ ಹೇಳಿಟ್ಟರು. ಅಜ್ಜಿ ತಮ್ಮ ಬುಟ್ಟಿ ಕೇಳಿದರು. ಅದನ್ನು ತೆಗೆದರೆ ಗೋಡೆ ಕೆಡುತ್ತದೆ ಎಂದು ಹುಡುಗಿ ಕೊಡಲಿಲ್ಲ. “ನಾಡಿದ್ದರೊಳಗೆ ಇನ್ನೊಂದು ಹೆಣೆದುಕೊಡ್ತಾರೆ, ಬಿಡಿ ಅಜ್ಜಿ.”

*

ಎಲ್ಲರೂ ಇಳಿದುಹೋದರು. ಗೋಡೆಯ ಮೇಲೆ ಬುಟ್ಟಿಗಳ ನೆರಳು ನಿಜಕ್ಕೂ ಚೆನ್ನಾಗಿ ಬಿದ್ದಿತ್ತು. ಸಾಹೇಬರು ಕಲ್ಲಿನ ಜಗಲಿಯ ಮೇಲೆ ಕೂತಿದ್ದರು. ಹೆಂಡತಿ ಕೆಳಗೆ, ಅಜ್ಜಿಗೆಂದು ಹೊಸ ಬುಟ್ಟಿಯ ತಳ ಹಾಕುತ್ತಿದ್ದರು. ಮಾತ್ರೆ ಹುಡುಕಲು ಅಜ್ಜಿಗೆ ಇವತ್ತೇ ಬೇಕಲ್ಲ.

“ಇನ್ನೊಂದು ಕಡ್ಡಿ ಮುರಿಯೋ ತನಕ ಸುಮ್ಮನಿದ್ದಿದ್ರೆ ದಿವಾನ್ ಬರ್ತಿತ್ತು” ಎಂದರು ಆಕೆ. ಬುಟ್ಟಿಗೆ ಹೇಳಿದ ಹಾಗಿತ್ತು.

ಆ ಮಾತಿನಲ್ಲಿ ಸಾಹೇಬರಿಗೆ ಒಂದು ಸಣ್ಣ ಬೆಳಕು ಕಂಡಿತು. ಇಡೀ ದಿನದಲ್ಲಿ ಹಿಡಿದುಕೊಳ್ಳಲು ಸಿಕ್ಕ ಮೊದಲ ಕಡ್ಡಿ. “ಹಾಗಿದ್ದೂ ಎದ್ದು ಬಂದೆಯಲ್ಲೇ. ನಾಲ್ಕು ಜನರ ಮುಂದೆ ನನ್ನ ಮಾನ ಹೋಗೋದು ನೋಡೋಕಾಗ್ಲಿಲ್ಲ ನಿನಗೆ.”

ಆಕೆ ತಲೆ ಎತ್ತಿ, ಇದ್ಯಾವ ಹೊಸ ಮಾತು ಎಂಬಂತೆ ಗಂಡನನ್ನು ನೋಡಿದರು.

“ನಿಮ್ಮ ಮಾನಾನಾ?” ಎಂದರು. “ಬೆತ್ತ ಮುರೀತಿತ್ತು ರೀ. ನೆನೆಸದೆ ಬಗ್ಗಿಸ್ತಾರಾ ಯಾರಾದರೂ?”

ಆಕೆ ಕಡ್ಡಿಗಳನ್ನು ಮುಟ್ಟಿ ನೋಡಿ, ಗಂಡನ ಕಡೆ ತಿರುಗದೆಯೇ ಒಣಗಿದ ಬಟ್ಟೆಯನ್ನು ಚಾಚಿದರು.

“ನೀರು.”

ಸಾಹೇಬರು ಬಟ್ಟೆ ಹಿಡಿದು ಎದ್ದರು. ಅವರು ಒರಗಿದ್ದಲ್ಲಿ ಮಣ್ಣಿನ ಗಿಲಾವು ಬೆನ್ನಿನ ಆಕಾರಕ್ಕೆ ಉದುರಿತ್ತು. ಬಚ್ಚಲಿಗೆ ಹೋಗಿ ಮರದ ತೊಟ್ಟಿಗೆ ಬಟ್ಟೆ ಅದ್ದಲು ಬಗ್ಗಿದರು. ತೊಟ್ಟಿ ಖಾಲಿಯಾಗಿತ್ತು. ಮರ ಎಲ್ಲವನ್ನೂ ಕುಡಿದರೂ ಇನ್ನೂ ಊದಿಕೊಂಡಿರಲಿಲ್ಲ.

“ಬೇಗ ತನ್ನಿ, ಒಣಗ್ತಿದೆ” ಎಂದು ಒಳಗಿನಿಂದ ಕೂಗು ಬಂತು.